ದೂರದ ವೈದ್ಯರಿಗೆ ನಾಚದೆ ಹೇಳಬೇಕಾದ ಮಾತು

ಮೂತ್ರದ ವಿಚಾರವನ್ನು ಪತ್ರಿಕೆಯಲ್ಲಿ ಬರೆಯುವುದೇ ಎಂದು ಓದುಗರಲ್ಲಿ ಕೆಲವರು ಮೂಗು ಮುರಿಯಬಹುದು. ಬೆಳಗಿನ ಕಾಫಿಯ ಜೊತೆ ಓದುವ ಪತ್ರಿಕೆಯಲ್ಲಿ ಇಂಥ ವಿಷಯ ಬೇಡವಾಗಿತ್ತು ಎನ್ನುವವರೂ ಇದ್ದಾರು. ಆದರೆ ಈ ಸಂಕೋಚವೇ ನಮ್ಮ ನೆರೆಯ ಹಿರಿಯರೊಬ್ಬರ ಮೂತ್ರಪಿಂಡಗಳಿಗೆ ಮುಳುವಾಗುವುದರಲ್ಲಿತ್ತು. ಅದನ್ನು ಹತ್ತಿರದಿಂದ ಕಂಡ ಮೇಲೆ ಬರೆಯದೆ ಕುಳಿತಿರುವುದು ಸರಿಯಲ್ಲವೆಂದು ನಮಗೆ ತೋರಿತು. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇವೆ. ಹೆಸರು, ಊರು ಹೇಳಬಾರದೆಂಬ ಒಂದೇ ಷರತ್ತು ಅವರದು.

ಹಿರಿಯರಿಗೆ 72 ವರ್ಷ. ಅಡಿಕೆ ತೋಟವಿದೆ, ಒಂದಿಷ್ಟು ಗದ್ದೆ ಇದೆ. ಸುತ್ತಿನವರೆಲ್ಲ ಅಜ್ಜ ಎಂದೇ ಕರೆಯುವುದರಿಂದ ನಾವೂ ಇಲ್ಲಿ ಹಾಗೆಯೇ ಕರೆಯುತ್ತೇವೆ. ಕೆಲವು ತಿಂಗಳುಗಳಿಂದ ಅವರು ಮತ್ತೆ ಮತ್ತೆ ಒಂದಕ್ಕೆ ಎದ್ದು ಹೋಗುವುದನ್ನು ಮನೆಯವರು ಗಮನಿಸಿದ್ದರು. ಕಾಲೇಜಿಗೆ ಹೋಗುವ ಮೊಮ್ಮಗ ಸರಕಾರದ ಉಚಿತ ದೂರ ಚಿಕಿತ್ಸೆಯ ವ್ಯವಸ್ಥೆಯಲ್ಲಿ ಹೆಸರು ನೋಂದಾಯಿಸಿ, ಸರದಿ ಬಂದಾಗ ಮೊಬೈಲನ್ನು ಅಜ್ಜನ ಮುಂದೆ ಹಿಡಿದ. ಪರದೆಯ ಮೇಲೆ ಕಾಣಿಸಿಕೊಂಡ ವೈದ್ಯರು ಮಲಯಾಳಿಗಳು, ಸೌಮ್ಯ ಸ್ವಭಾವದವರು. ಅಡಿಕೆ ಮಾರುವಷ್ಟು, ಬಸ್ಸಿನಲ್ಲಿ ಚಿಲ್ಲರೆ ಕೇಳುವಷ್ಟು ಮಲಯಾಳ ಅಜ್ಜನಿಗೂ ಬರುತ್ತದೆ. ಅದಕ್ಕಿಂತ ಮುಂದಿನದ್ದನ್ನು ಮೊಮ್ಮಗ ತರ್ಜುಮೆ ಮಾಡುತ್ತಿದ್ದ. ಪಕ್ಕದಲ್ಲಿ ಸೊಸೆ ನಿಂತಿದ್ದಳು. ರಾತ್ರಿ ಎಷ್ಟು ಸಲ ಏಳುತ್ತೀರಿ ಎಂಬ ಪ್ರಶ್ನೆಗೆ ಅಜ್ಜ "ಒಂದೆರಡು ಸಲ" ಎಂದರು. ಬೇರೆ ತೊಂದರೆ? "ಬೇರೇನೂ ಇಲ್ಲ." ವೈದ್ಯರು ಮೂತ್ರ ಪರೀಕ್ಷೆ ಬರೆದು, ಕಡಿಮೆಯಾಗದಿದ್ದರೆ ತಜ್ಞರನ್ನು ಕಾಣಿರೆಂದು ಹೇಳಿ ಮುಗಿಸಿದರು. ಐದು ನಿಮಿಷ. ವೈದ್ಯರ ತಪ್ಪೇನೂ ಇರಲಿಲ್ಲ. ಹೇಳಿದ್ದಕ್ಕಲ್ಲವೇ ಮದ್ದು?

ವಾರ ಕಳೆದ ಮೇಲೆ ಅಜ್ಜ ನಮ್ಮನ್ನು ಕರೆಸಿದರು. "ಮಾಸ್ಟ್ರೇ, ಫೋನಿನಲ್ಲಿ ಕನ್ನಡ ಮಾತಾಡುವ ಡಾಕ್ಟ್ರು ಸಿಕ್ಕುವುದುಂಟೋ ನೋಡಿ. ಈ ಪೋಕ್ರಿಯ ಹತ್ತಿರ ಎಲ್ಲ ಹೇಳಿಸಲಿಕ್ಕೆ ಆಗುವುದಿಲ್ಲ" ಎಂದರು. ಪೋಕ್ರಿ ಎಂದರೆ ಮೊಮ್ಮಗ. ವಿಚಾರಿಸಿ ಮಂಗಳೂರಿನ ಮೂತ್ರರೋಗ ತಜ್ಞರೊಬ್ಬರ ಸಮಯ ಗೊತ್ತುಮಾಡಿದೆವು. ಅವರು ವೀಡಿಯೊದಲ್ಲಿ ಬಂದವರೇ ರೋಗದ ವಿಚಾರವೆತ್ತಲಿಲ್ಲ. "ಅಜ್ಜ, ನಿಮ್ಮ ಹತ್ತಿರ ಯಾರಿದ್ದಾರೆ? ಅವರು ಸ್ವಲ್ಪ ಹೊರಗೆ ಹೋಗಲಿ. ಬಾಗಿಲು ಹಾಕಿಕೊಳ್ಳಿ" ಎಂದರು. ನಾವೂ ಮೊಮ್ಮಗನೂ ಜಗಲಿಗೆ ಬಂದು ಕುಳಿತೆವು.

ಒಳಗೆ ನಡೆದದ್ದನ್ನು ಅಜ್ಜ ಆಮೇಲೆ ಹೇಳಿದರು. ನಾಲ್ಕೈದು ಪ್ರಶ್ನೆಗಳ ಬಳಿಕ ವೈದ್ಯರು, "ಬೆಳಗಾಗುವಾಗ ಹಾಸಿಗೆ ಒದ್ದೆಯಾಗುವುದುಂಟೋ?" ಎಂದು ಕೇಳಿದರಂತೆ. ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದು, ಹೌದು, ಮೂರು ತಿಂಗಳಾಯಿತು ಎಂದರು. ಮನೆಯಲ್ಲಿ ಇದು ಅಜ್ಜಿಗೆ ಮಾತ್ರ ಗೊತ್ತಿತ್ತು. ಉಳಿದವರು ಏಳುವ ಮೊದಲೇ ಆಕೆ ಬೈರಾಸನ್ನೂ ಚಾಪೆಯನ್ನೂ ತೊಳೆದು ಹಟ್ಟಿಯ ಹಿಂದೆ ಒಣಹಾಕುತ್ತಿದ್ದರು.

ವೃದ್ಧ ಗಂಡಸರಲ್ಲಿ ಹೊಸದಾಗಿ ಕಾಣಿಸಿಕೊಳ್ಳುವ ಈ ಲಕ್ಷಣ ಮುಪ್ಪಿನ ಸಹಜ ಧರ್ಮವಲ್ಲ. ಮೂತ್ರಕೋಶದ ಕೆಳಗೆ ಮೂತ್ರದ ದಾರಿಯನ್ನು ಸುತ್ತಿಕೊಂಡಿರುವ ಪ್ರಾಸ್ಟೇಟ್ ಎಂಬ ಗ್ರಂಥಿ ವಯಸ್ಸಾದಂತೆ ದೊಡ್ಡದಾಗಿ ದಾರಿಯನ್ನು ಅಮುಕುತ್ತದೆ. ಮೂತ್ರಕೋಶ ಪೂರ್ತಿ ಬರಿದಾಗುವುದಿಲ್ಲ. ಉಳಿಕೆ ದಿನದಿಂದ ದಿನಕ್ಕೆ ಹೆಚ್ಚುತ್ತ, ಕೊನೆಗೆ ತುಂಬಿದ ಕೊಡದಿಂದ ನೀರು ಹೊರಚೆಲ್ಲುವಂತೆ ನಿದ್ದೆಯಲ್ಲಿ ತಾನಾಗಿ ಸೋರುತ್ತದೆ. ನೋವೇ ಇಲ್ಲದಿರಬಹುದು. ಆದರೆ ಒಳಗಿನ ಒತ್ತಡ ಮೇಲಕ್ಕೆ ಏರಿ ಎರಡೂ ಮೂತ್ರಪಿಂಡಗಳನ್ನು ಸದ್ದಿಲ್ಲದೆ ಕೆಡಿಸುತ್ತಿರುತ್ತದೆ. ಮಂಗಳೂರಿನ ವೈದ್ಯರು ಮಾತ್ರೆ ಬರೆಯಲಿಲ್ಲ. "ಇದು ಫೋನಿನಲ್ಲಿ ಆಗುವಂಥದ್ದಲ್ಲ, ಇವತ್ತೇ ಆಸ್ಪತ್ರೆಗೆ ಹೋಗಿ" ಎಂದರು. ಸ್ಕ್ಯಾನ್ ಮಾಡಿ ನೋಡಿದರೆ, ಮೂತ್ರ ಮಾಡಿ ಬಂದ ಮೇಲೂ ಒಂದು ಲೀಟರಿಗೆ ಮಿಕ್ಕಿ ಒಳಗೆ ಉಳಿದಿತ್ತು. ಎರಡು ಮೂತ್ರಪಿಂಡಗಳೂ ಊದಿಕೊಂಡಿದ್ದವು; ರಕ್ತದಲ್ಲಿ ಕ್ರಿಯಾಟಿನಿನ್ ಏರಿತ್ತು. ಅಂದೇ ನಳಿಗೆ ಹಾಕಿ ಮೂತ್ರ ಹೊರತೆಗೆದರು.

ನಡುವೆ ಇದ್ದದ್ದು ಒಂದು ವಾರ. ಎರಡು ಸಲವೂ ಅದೇ ಫೋನು, ಅದೇ ಅಜ್ಜ. ವ್ಯತ್ಯಾಸವಾದದ್ದು ಬಾಗಿಲು ಮುಚ್ಚಿದ್ದರಿಂದ ಮತ್ತು ಭಾಷೆ ತನ್ನದಾಗಿದ್ದರಿಂದ.

ಗಡಿಯೂ ಫೋನೂ

ಕಾಸರಗೋಡಿನ ಉತ್ತರ ಭಾಗದ ನಮಗೆ ದೊಡ್ಡ ಕಾಯಿಲೆ ಎಂದರೆ ಮಂಗಳೂರು. ಕಾಸರಗೋಡು ಪೇಟೆಯಿಂದ ಅಲ್ಲಿಗೆ ಸುಮಾರು 50 ಕಿಲೋಮೀಟರು. ಮಂಜೇಶ್ವರದವರಿಗೆ ಅದಕ್ಕಿಂತ ಎಷ್ಟೋ ಹತ್ತಿರ. 1956ರ ನವೆಂಬರ್ 1ರಂದು ರಾಜ್ಯಗಳ ನಡುವೆ ಗೆರೆ ಬಿದ್ದರೂ ರೋಗಿಗಳು ಆ ಗೆರೆಯನ್ನು ಲೆಕ್ಕಕ್ಕೆ ತೆಗೆದುಕೊಂಡವರಲ್ಲ. ಗೆರೆ ಇದೆಯೆಂದು ನಮಗೆ ನಿಜವಾಗಿ ಗೊತ್ತಾದದ್ದು 2020ರ ಮಾರ್ಚ್ ತಿಂಗಳಲ್ಲಿ. ಕೋವಿಡ್ ಭಯದಿಂದ ಕರ್ನಾಟಕವು ಗಡಿರಸ್ತೆಗಳನ್ನು ಮುಚ್ಚಿತು; ಕೆಲವು ಕಡೆ ಮಣ್ಣು ಸುರಿದು ದಾರಿಯನ್ನೇ ಕಟ್ಟಲಾಯಿತು. ತಲಪಾಡಿಯಲ್ಲಿ ಆಂಬುಲೆನ್ಸುಗಳು ಹಿಂದೆ ತಿರುಗಿದವು. ಚಿಕಿತ್ಸೆ ಸಿಕ್ಕದೆ ತೀರಿಕೊಂಡವರ ಸುದ್ದಿಗಳನ್ನು ಓದುಗರು ಮರೆತಿರಲಾರರು. ಏಪ್ರಿಲ್ 1ರಂದು ಕೇರಳ ಹೈಕೋರ್ಟು ತುರ್ತು ಚಿಕಿತ್ಸೆಯ ವಾಹನಗಳಿಗೆ ದಾರಿ ಬಿಡಬೇಕೆಂದು ಆದೇಶಿಸಿತು. ವಿವಾದ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿ, ಏಪ್ರಿಲ್ 7ರಂದು ರೋಗಿಗಳ ಪ್ರಯಾಣಕ್ಕೆ ಒಂದು ಕ್ರಮ ಗೊತ್ತಾಯಿತು.

ಅದೇ ಮಾರ್ಚಿಯ 25ರಂದು ಕೇಂದ್ರ ಸರಕಾರವು ದೂರ ಚಿಕಿತ್ಸೆಗೆ ನಿಯಮಾವಳಿಯನ್ನು ಹೊರಡಿಸಿತು. ಗಡಿನಾಡಿನವರು ಅದರಲ್ಲಿ ಒಂದು ಮಾತನ್ನು ಮುಖ್ಯವಾಗಿ ನೆನಪಿಡಬೇಕು: ನೋಂದಾಯಿತ ವೈದ್ಯರು ಭಾರತದ ಯಾವುದೇ ಭಾಗದಲ್ಲಿರುವ ರೋಗಿಗೂ ಈ ರೀತಿ ಸಲಹೆ ಕೊಡಬಹುದು. ಅಂದರೆ ಮಂಗಳೂರಿನ, ಮೈಸೂರಿನ, ಬೆಂಗಳೂರಿನ ವೈದ್ಯರು ಪೆರ್ಲದ ರೋಗಿಯೊಡನೆ ಕನ್ನಡದಲ್ಲಿ ಮಾತಾಡಿ ಔಷಧಿ ಬರೆದರೆ ಅದು ನ್ಯಾಯಬದ್ಧ ಚೀಟಿಯೇ. ಚೀಟಿಯಲ್ಲಿ ವೈದ್ಯರ ಹೆಸರೂ ನೋಂದಣಿ ಸಂಖ್ಯೆಯೂ ಇರಬೇಕು. ಇಲ್ಲದ ಚೀಟಿಯನ್ನು ನಂಬಬಾರದು.

ಸರಕಾರದ ಕಡೆಯಿಂದ ಇರುವುದು ಇ-ಸಂಜೀವನಿ. 2020ರ ಏಪ್ರಿಲಿನಲ್ಲಿ ರೋಗಿಗಳು ಮನೆಯಿಂದಲೇ ವೈದ್ಯರನ್ನು ಕಾಣುವ ಏರ್ಪಾಡು ಅದರಲ್ಲಿ ಆರಂಭವಾಯಿತು. ಅದೇ ವರ್ಷ ಜೂನ್ ತಿಂಗಳಲ್ಲಿ ಕೇರಳಕ್ಕೂ ಬಂತು. 2023ರ ಫೆಬ್ರವರಿಯ ಹೊತ್ತಿಗೆ ದೇಶದಲ್ಲಿ ಅದರ ಮೂಲಕ ನಡೆದ ಸಮಾಲೋಚನೆಗಳು 10 ಕೋಟಿ ದಾಟಿದ್ದವು. ಹಣ ಕೊಡಬೇಕಾಗಿಲ್ಲ. ಇದರಲ್ಲಿ ಇನ್ನೊಂದು ಬಗೆಯೂ ಉಂಟು: ಆರೋಗ್ಯ ಕೇಂದ್ರದಲ್ಲಿ ಕುಳಿತು, ಅಲ್ಲಿನ ಸಿಬ್ಬಂದಿಯ ಮೂಲಕ ದೂರದ ವೈದ್ಯರೊಡನೆ ಮಾತಾಡುವುದು. ಮನೆಯಲ್ಲಿ ಒಳ್ಳೆಯ ಮೊಬೈಲಾಗಲಿ ಬಳಸಬಲ್ಲ ಮಕ್ಕಳಾಗಲಿ ಇಲ್ಲದ ಹಿರಿಯರಿಗೆ ಇದೇ ವಾಸಿ.

ಭಾಷೆಯ ತೊಡಕು ಸಣ್ಣದೆಂದು ಯಾರೂ ತಿಳಿಯಬಾರದು. ಉರಿಮೂತ್ರಕ್ಕೆ ಮಲಯಾಳದಲ್ಲಿ "ಮೂತ್ರಕ್ಕಡಚ್ಚಿಲ್" ಎನ್ನುತ್ತಾರೆ. ನಮ್ಮ ಕಿವಿಗೆ ಅದು ಅಡಚಣೆಯಂತೆ ಕೇಳಿಸಿ, ಉರಿ ಇರುವವರು ಇಲ್ಲವೆನ್ನುತ್ತಾರೆ, ಕಟ್ಟಿಕೊಂಡವರು ಹೌದೆನ್ನುತ್ತಾರೆ. ಉರಿಗೆ ಕೊಡುವ ಮದ್ದೇ ಬೇರೆ, ಕಟ್ಟಿದ್ದಕ್ಕೆ ಮಾಡುವುದೇ ಬೇರೆ. ಮನೆಯಲ್ಲಿ ಹವ್ಯಕವನ್ನೋ ತುಳುವನ್ನೋ ಕೊಂಕಣಿಯನ್ನೋ ಆಡಿ, ಶಾಲೆಯಲ್ಲಿ ಕನ್ನಡ ಕಲಿತು, ಕಚೇರಿಯಲ್ಲಿ ಮಲಯಾಳ ಕೇಳುವ ನಮ್ಮವರು ಇಂಥ ಮಾತಿಗೆ ಮನೆಯ ಭಾಷೆಯನ್ನೇ ಹುಡುಕುವುದು ಸಹಜ. ಕನ್ನಡದಲ್ಲಿ ಕಚೇರಿಗಳಿಗೆ ಬರೆಯುವ ಹಕ್ಕನ್ನು ಕೇರಳದ 1969ರ ಭಾಷಾ ಕಾಯಿದೆ ನಮಗೆ ಕೊಟ್ಟಿದೆ. ಆದರೆ ರೋಗಿಯ ನಾಲಗೆಯ ಮೇಲಿನ ಮಾತು ಅರ್ಜಿಯಲ್ಲವಲ್ಲ. ಮಲಯಾಳಿ ವೈದ್ಯರ ಮುಂದೆಯೂ ನಾಚಬೇಕಾಗಿಲ್ಲ. ಆದರೆ ತರ್ಜುಮೆಗೆ ಮಕ್ಕಳನ್ನೂ ಮೊಮ್ಮಕ್ಕಳನ್ನೂ ಕೂರಿಸದೆ ಸಮವಯಸ್ಕ ಗೆಳೆಯರೊಬ್ಬರನ್ನು ಕೂರಿಸಿಕೊಳ್ಳಿ. ಹೆಂಗಸರಿಗೆ ಹೆಂಗಸರೇ ಆಗಬೇಕು.

ಏಳು ಪ್ರಶ್ನೆಗಳ ಪರೀಕ್ಷೆ

ಮೂತ್ರರೋಗದ ವೈದ್ಯಕೀಯಕ್ಕೂ ದೂರ ಚಿಕಿತ್ಸೆಗೂ ಒಳ್ಳೆಯ ಹೊಂದಾಣಿಕೆಯಿದೆ ಎನ್ನುವುದಕ್ಕೆ ಕಾರಣವೆಂದರೆ, ಈ ಕಾಯಿಲೆಗಳಲ್ಲಿ ಅರ್ಧಕ್ಕರ್ಧ ರೋಗಿಯ ಮಾತಿನಿಂದಲೂ ಲೆಕ್ಕದಿಂದಲೂ ತಿಳಿಯುವಂಥದ್ದು. ಅಮೆರಿಕದ ಮೇಯೋ ಕ್ಲಿನಿಕ್ಕಿನ ವೈದ್ಯರು ಪ್ರಾಸ್ಟೇಟ್ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯಾದವರನ್ನು ಎರಡು ಗುಂಪು ಮಾಡಿ, ಒಂದು ಗುಂಪನ್ನು ಆಸ್ಪತ್ರೆಯಲ್ಲೂ ಇನ್ನೊಂದನ್ನು ವೀಡಿಯೊದಲ್ಲೂ ನೋಡಿದರು. 2015ರಲ್ಲಿ ಪ್ರಕಟವಾದ ಆ ಪರೀಕ್ಷೆಯಲ್ಲಿ ಭೇಟಿಯ ಹೊತ್ತಿನಲ್ಲಾಗಲಿ ರೋಗಿಗಳ ತೃಪ್ತಿಯಲ್ಲಾಗಲಿ ವೀಡಿಯೊ ಹಿಂದೆ ಬೀಳಲಿಲ್ಲ. ಪ್ರಯಾಣದ ಖರ್ಚು ಉಳಿಯಿತು. ಗುಂಪು ಚಿಕ್ಕದು, ಅವರೆಲ್ಲ ಆ ಮೊದಲೇ ವೈದ್ಯರು ಕಂಡಿದ್ದ ರೋಗಿಗಳು ಎಂಬುದನ್ನೂ ಹೇಳಬೇಕು.

ಪ್ರಾಸ್ಟೇಟ್ ತೊಂದರೆಯನ್ನು ಅಳೆಯಲು ಜಗತ್ತಿನಾದ್ಯಂತ ವೈದ್ಯರು ಏಳು ಪ್ರಶ್ನೆಗಳ ಒಂದು ಪಟ್ಟಿಯನ್ನು ಬಳಸುತ್ತಾರೆ. 1992ರಲ್ಲಿ ಅಮೆರಿಕದ ಮೂತ್ರರೋಗ ತಜ್ಞರ ಸಂಘ ಸಿದ್ಧಪಡಿಸಿದ ಪಟ್ಟಿಯೇ ಇದಕ್ಕೆ ಮೂಲ. ಕಳೆದ ಒಂದು ತಿಂಗಳಲ್ಲಿ, ಮೂತ್ರ ಮಾಡಿದ ಮೇಲೂ ಇನ್ನೂ ಉಳಿದಿದೆಯೆಂದು ಎಷ್ಟು ಸಲ ಅನಿಸಿತು? ಎರಡು ಗಂಟೆಯೊಳಗೆ ಪುನಃ ಹೋಗಬೇಕಾಯಿತೇ? ನಿಂತು ನಿಂತು ಬಂದದ್ದುಂಟೇ? ತಡೆದುಕೊಳ್ಳಲು ಕಷ್ಟವಾಯಿತೇ? ಧಾರೆ ಸಪ್ಪಗಾಗಿತ್ತೇ? ಮುಕ್ಕಿರಿಯಬೇಕಾಯಿತೇ? ರಾತ್ರಿ ಎಷ್ಟು ಸಲ ಎದ್ದಿರಿ? ಪ್ರತಿಯೊಂದಕ್ಕೂ ಸೊನ್ನೆಯಿಂದ 5ರ ತನಕ ಅಂಕ. ಒಟ್ಟು 35. ಏಳು ಅಥವಾ ಅದಕ್ಕಿಂತ ಕಡಿಮೆಯಾದರೆ ಸೌಮ್ಯ, 8ರಿಂದ 19 ಮಧ್ಯಮ, 20ರಿಂದ ಮೇಲೆ ತೀವ್ರ. ಜೀವಮಾನವಿಡೀ ಮಕ್ಕಳಿಗೆ ಅಂಕ ಹಾಕಿದ ನಮಗೆ, ಕಡಿಮೆ ಬಂದಷ್ಟೂ ಸಂತೋಷಪಡಬೇಕಾದ ಪರೀಕ್ಷೆ ಇದೊಂದೇ ಎಂದು ನಗು ಬಂತು. ಕೊನೆಯಲ್ಲಿ ಅಂಕಗಳ ಲೆಕ್ಕಕ್ಕೆ ಸೇರದ ಎಂಟನೆಯ ಪ್ರಶ್ನೆಯೊಂದಿದೆ: ಮುಂದೆಯೂ ಹೀಗೆಯೇ ಬಾಳಬೇಕಾದರೆ ನಿಮಗೆ ಹೇಗನಿಸುತ್ತದೆ? ಅಜ್ಜನನ್ನು ಹಾಗೆ ಮೊದಲು ಯಾರೂ ಕೇಳಿರಲಿಲ್ಲ.

ಇನ್ನೊಂದು, ಮೂರು ದಿನಗಳ ಲೆಕ್ಕ. ಔಷಧಿ ಅಂಗಡಿಯಿಂದ ಅಳತೆಯ ಗುರುತುಗಳಿರುವ ಪ್ಲಾಸ್ಟಿಕ್ ಪಾತ್ರೆಯೊಂದನ್ನು ತಂದಿಟ್ಟುಕೊಳ್ಳಬೇಕು. ಎಷ್ಟು ಗಂಟೆಗೆ ಏನು ಕುಡಿದಿರಿ, ಎಷ್ಟು ಗಂಟೆಗೆ ಎಷ್ಟು ಮಿಲಿಲೀಟರು ಹೋಯಿತು, ಸೋರಿತೇ, ಇಷ್ಟನ್ನೇ ನೋಟುಪುಸ್ತಕದಲ್ಲಿ ಬರೆಯುವುದು. ಪಾಲು ಮಾಡಿ ಹಾಲು ಅಳೆದು ಡೈರಿಗೆ ಕೊಡುವ ನಮ್ಮ ಹೆಂಗಸರಿಗೆ ಇದೇನು ದೊಡ್ಡ ವಿದ್ಯೆಯಲ್ಲ. ಈ ಲೆಕ್ಕದಿಂದ ವೈದ್ಯರಿಗೆ ತಿಳಿಯುವುದು ಬಹಳ. ಸಲಕ್ಕೆ 60, 70 ಮಿಲಿಲೀಟರಿನಂತೆ ಹತ್ತಾರು ಸಲ ಹೋಗುವವರ ಸಮಸ್ಯೆ ಒಂದು ಬಗೆ. ದಿನದ ಒಟ್ಟಿನ ಮೂರರಲ್ಲಿ ಒಂದು ಪಾಲಿಗೂ ಹೆಚ್ಚು ರಾತ್ರಿಯೇ ಹೋಗುವ ಹಿರಿಯರ ಸಮಸ್ಯೆ ಪ್ರಾಸ್ಟೇಟಿನದ್ದೇ ಆಗಿರಬೇಕೆಂದಿಲ್ಲ. ಹೃದಯದ ದೌರ್ಬಲ್ಯ, ಕಾಲಿನ ಬಾವು, ನಿದ್ದೆಯಲ್ಲಿ ಉಸಿರು ಕಟ್ಟುವುದು, ಮಲಗುವ ಮೊದಲಿನ ದೊಡ್ಡ ಲೋಟದ ಚಹಾ, ಇವೂ ಕಾರಣವಾಗಬಹುದು. ದಿನಕ್ಕೆ ಮೂರು ನಾಲ್ಕು ಲೀಟರು ಹೋಗುತ್ತಿದ್ದರೆ ಮೊದಲು ಸಕ್ಕರೆ ಕಾಯಿಲೆಯ ಪರೀಕ್ಷೆಯಾಗಬೇಕು.

ಫೋನಿಗೆ ಕೂರುವ ಮೊದಲು ತೆಗೆದುಕೊಳ್ಳುತ್ತಿರುವ ಮಾತ್ರೆಗಳನ್ನೆಲ್ಲ ಮೇಜಿನ ಮೇಲೆ ಇಟ್ಟುಕೊಳ್ಳಿ. ಶೀತಕ್ಕೆಂದು ಅಂಗಡಿಯಿಂದ ತಂದದ್ದನ್ನೂ ಬಿಡಬೇಡಿ. ಮೂಗು ಕಟ್ಟಿದ್ದಕ್ಕೆ ಕೊಡುವ ಕೆಲವು ಮಾತ್ರೆಗಳಿಂದಲೇ ಪ್ರಾಸ್ಟೇಟ್ ದೊಡ್ಡದಾದವರಿಗೆ ಮೂತ್ರ ಪೂರ್ತಿ ಕಟ್ಟಿ ಹೋಗುವುದುಂಟು. ಹಳೆಯ ವರದಿಗಳನ್ನು ಹಗಲು ಬೆಳಕಿನಲ್ಲಿ, ಎಲ್ಲ ಪುಟಗಳೂ ಬರುವಂತೆ ಫೋಟೊ ತೆಗೆದು ಮೊದಲೇ ಕಳುಹಿಸಿ. ಕಲ್ಲು ಇದ್ದವರು ಅದರ ಅಳತೆ ಎಷ್ಟು ಮಿಲಿಮೀಟರು, ಎಲ್ಲಿ ಎಂದು ಬರೆದ ಸಾಲನ್ನು ಗುರುತು ಮಾಡಿಡಿ. ದೇಹದ ಗುಪ್ತ ಭಾಗಗಳ ಚಿತ್ರವನ್ನು ವೈದ್ಯರೇ ಕೇಳದೆ ಯಾರಿಗೂ ಕಳುಹಿಸಬಾರದು. ಕೇಳಿದರೂ ಬೇಡವೆನ್ನಲು ನಿಮಗೆ ಅಧಿಕಾರವಿದೆ. ಆಸ್ಪತ್ರೆಗೆ ಬಂದು ತೋರಿಸುತ್ತೇನೆ ಎಂದರಾಯಿತು.

ಪ್ರಾಸ್ಟೇಟ್ ಮಾತ್ರೆಗಳ ಬಗ್ಗೆ ಎರಡು ಮಾತು. ಟ್ಯಾಮ್ಸುಲೋಸಿನ್ ಎಂಬುದನ್ನು ನುಂಗುವವರು ಹಾಸಿಗೆಯಿಂದ ದಿಢೀರೆಂದು ಎದ್ದರೆ ತಲೆ ತಿರುಗಿ ಬೀಳಬಹುದು. ಅದಕ್ಕಿಂತಲೂ ಮುಖ್ಯ, ಕಣ್ಣಿನ ಪೊರೆ ತೆಗೆಸಿಕೊಳ್ಳುವ ಮುಂಚೆ ಈ ಮಾತ್ರೆಯ ವಿಚಾರವನ್ನು ಕಣ್ಣಿನ ವೈದ್ಯರಿಗೆ ಹೇಳಲೇಬೇಕು. ಶಸ್ತ್ರಚಿಕಿತ್ಸೆಯ ನಡುವೆ ಕಣ್ಣಿನ ಪಾಪೆ ಸಂಕುಚಿತವಾಗಿ ತೊಂದರೆ ಕೊಡುವುದನ್ನು 2005ರಲ್ಲಿ ಅಮೆರಿಕದ ವೈದ್ಯರು ಗುರುತಿಸಿದರು. ಮೂತ್ರಕ್ಕೂ ಕಣ್ಣಿಗೂ ಏನು ಸಂಬಂಧ ಎಂದುಕೊಂಡು ಹೇಳದೆ ಉಳಿಯುವವರೇ ಹೆಚ್ಚು. ಫಿನಾಸ್ಟರೈಡ್ ತೆಗೆದುಕೊಳ್ಳುವವರ ರಕ್ತದಲ್ಲಿ ಪಿ.ಎಸ್.ಎ. ಅಂಶ ಆರು ತಿಂಗಳು, ವರ್ಷದಲ್ಲಿ ಸುಮಾರು ಅರ್ಧಕ್ಕಿಳಿಯುತ್ತದೆ. ಕ್ಯಾನ್ಸರಿನ ಅನುಮಾನಕ್ಕಾಗಿ ಆ ಪರೀಕ್ಷೆ ಮಾಡಿದ ಹೊಸ ವೈದ್ಯರಿಗೆ ಮಾತ್ರೆಯ ಸಂಗತಿ ಗೊತ್ತಿಲ್ಲದಿದ್ದರೆ ಅಂಕಿ ಚೆನ್ನಾಗಿದೆಯೆಂದು ಮೋಸಹೋಗುವ ಸಂಭವವಿದೆ.

ಫೋನನ್ನು ಕೆಳಗಿಡಬೇಕಾದ ಸಂದರ್ಭ

ಪ್ರಾಸ್ಟೇಟಿನ ಗಟ್ಟಿತನವನ್ನು ವೈದ್ಯರ ಬೆರಳೇ ತಿಳಿಯಬೇಕು. ಹೊಟ್ಟೆ ಮುಟ್ಟಿ ನೋಡಬೇಕು. ಉಳಿದ ಮೂತ್ರವನ್ನು ಸ್ಕ್ಯಾನ್ ತೋರಿಸಬೇಕು. ಇವು ಯಾವ ಪರದೆಯಲ್ಲೂ ಆಗುವುದಿಲ್ಲ. ದೂರ ಚಿಕಿತ್ಸೆಯ ಸುಲಭಕ್ಕೆ ಮರುಳಾಗಿ ಮೂರು ನಾಲ್ಕು ಸಲ ಫೋನಿನಲ್ಲೇ ಮಾತ್ರೆ ಬದಲಿಸಿಕೊಂಡು ಕಾಲ ಕಳೆಯುವವರನ್ನು ನಾವು ಕಂಡಿದ್ದೇವೆ.

ಮೂತ್ರದಲ್ಲಿ ರಕ್ತ ಕಂಡರೆ, ಅದೂ ನೋವಿಲ್ಲದೆ ಕಂಡರೆ, ಒಂದೇ ಸಲವಾದರೂ ಸರಿ, ಮರುದಿನ ತಾನಾಗಿ ನಿಂತರೂ ಸರಿ, ಆಸ್ಪತ್ರೆಗೆ ಹೋಗಲೇಬೇಕು. ಉಷ್ಣವಾಗಿದೆ, ಬೊಂಡ ಕುಡಿದರೆ ಸರಿಹೋಗುತ್ತದೆ ಎಂದು ನಮ್ಮಲ್ಲಿ ಹೇಳುವ ಪದ್ಧತಿ. ಮೂತ್ರಕೋಶದ ಕ್ಯಾನ್ಸರು ಮೊದಲು ತಲೆ ತೋರಿಸುವುದು ಹೆಚ್ಚಾಗಿ ಹೀಗೆಯೇ. ಬೀಡಿ, ಸಿಗರೇಟು ಸೇದುವವರಿಗೆ ಅಪಾಯ ಇನ್ನೂ ಹೆಚ್ಚು.

ಕಲ್ಲಿನ ನೋವು ನಮ್ಮ ಕಡೆ ಪರಿಚಿತವೇ. 5 ಮಿಲಿಮೀಟರಿಗಿಂತ ಚಿಕ್ಕವು ಬಹುಪಾಲು ತಾವಾಗಿ ಇಳಿಯುತ್ತವೆ. ಇವರ ಮುಂದಿನ ವಿಚಾರಣೆಗೆ ಫೋನು ಸಾಕು. ಬಾಳೆದಿಂಡಿನ ರಸ ಕುಡಿಯುವವರು ಕುಡಿಯಲಿ, ಆದರೆ ಮುಖ್ಯವಾದದ್ದು ನೀರು. ದಿನಕ್ಕೆ ಎರಡೂವರೆ ಲೀಟರು ಮೂತ್ರ ಹೋಗುವಷ್ಟು ಕುಡಿಯಬೇಕೆಂದು ತಜ್ಞರು ಹೇಳುತ್ತಾರೆ. ತೋಟದಲ್ಲಿ ಬೆವರು ಸುರಿಸುವವರಿಗೆ ಅದಕ್ಕೆ ಎಷ್ಟು ಕುಡಿದರೂ ಸಾಲದು. ಕಲ್ಲಿನ ಜೊತೆ ಚಳಿಜ್ವರ ಬಂದರೆ ಮಾತ್ರ ಕಾಯುವಂತಿಲ್ಲ. ಕಟ್ಟಿಕೊಂಡ ಮೂತ್ರದಲ್ಲಿ ನಂಜು ಸೇರಿದರೆ ಗಂಟೆಗಳಲ್ಲಿ ಜೀವಕ್ಕೇ ಬರಬಹುದು. ತೀವ್ರ ನೋವಿಗೆ ಕೊಡುವ ಮಾದಕ ವರ್ಗದ ಔಷಧಿಗಳನ್ನು ಫೋನಿನ ಮೇಲೆ ಬರೆಯಲು ನಿಯಮವೂ ಬಿಡುವುದಿಲ್ಲ.

ಕಲ್ಲು ತೆಗೆದ ಬಳಿಕ ಮೂತ್ರನಾಳದಲ್ಲಿ ಸಣ್ಣ ಕೊಳವೆಯೊಂದನ್ನು ಇಡುವುದುಂಟು. ಡಿಜೆ ಸ್ಟೆಂಟ್ ಎನ್ನುತ್ತಾರೆ. ಕೆಲವು ವಾರಗಳಲ್ಲಿ ಅದನ್ನು ತೆಗೆಸಬೇಕು. ನೋವಿಲ್ಲವೆಂದು ಮರೆತು ತಿಂಗಳುಗಟ್ಟಲೆ ಬಿಟ್ಟರೆ ಅದರ ಮೇಲೆಯೇ ಕಲ್ಲು ಕಟ್ಟಿ, ಮೂತ್ರಪಿಂಡವನ್ನೇ ಕಳೆದುಕೊಳ್ಳಬೇಕಾದೀತು. 2020ರಲ್ಲಿ ಗಡಿ ಮುಚ್ಚಿದ್ದಾಗ ನಮ್ಮನ್ನು ಕಾಡಿದ ಚಿಂತೆಗಳಲ್ಲಿ ಇದೂ ಒಂದು. ಒಳಗೆ ಕೊಳವೆ ಇದ್ದವರು ತೆಗೆಸುವ ದಿನಾಂಕವನ್ನು ಗೋಡೆಯ ಪಂಚಾಂಗದಲ್ಲಿ ಬರೆದಿಡಬೇಕು.

ಶಾಲೆಯಲ್ಲಿರುವ ನಾವು ಇದೊಂದನ್ನು ತಂದೆತಾಯಿಗಳಿಗೆ ವಿಶೇಷವಾಗಿ ಹೇಳಬೇಕು. ಎಂಟು, ಒಂಬತ್ತನೆಯ ತರಗತಿಯ ಹುಡುಗ ಇದ್ದಕ್ಕಿದ್ದಂತೆ ಕೆಳಹೊಟ್ಟೆ ನೋವೆಂದು ಬಾಗಿ ಕುಳಿತು, ವಾಂತಿ ಮಾಡಿ, ಎಲ್ಲಿ ನೋವು ಎಂದು ಸರಿಯಾಗಿ ಹೇಳಲು ನಾಚಿದರೆ, ಅದು ವೃಷಣ ತಿರುಚಿಕೊಂಡಿರುವುದರಿಂದ ಇರಬಹುದು. ಆರು ಗಂಟೆಯೊಳಗೆ ಶಸ್ತ್ರಚಿಕಿತ್ಸೆಯಾದರೆ ಅದು ಉಳಿಯುವ ಸಂಭವ ಹೆಚ್ಚು; ತಡವಾದಂತೆ ಆಸೆ ಕ್ಷೀಣಿಸುತ್ತದೆ. ಫೋನಿನ ಸರದಿಗೆ ಕಾಯುತ್ತ ಕೂರುವ ಕಾಯಿಲೆ ಇದಲ್ಲ. ಹುಡುಗನಿಗೆ ಗದರಿಸದೆ ಒಬ್ಬನನ್ನೇ ಕರೆದು ಕೇಳಿ.

ಹೆಣ್ಣುಮಕ್ಕಳ ಪಾಡು ಬೇರೆ. ಶೌಚಾಲಯ ಶುಚಿಯಿಲ್ಲವೆಂದೋ ಬಾಗಿಲ ಚಿಲಕ ಸರಿಯಿಲ್ಲವೆಂದೋ ಬೆಳಗಿನಿಂದ ಸಂಜೆಯ ತನಕ ನೀರು ಕುಡಿಯದೆ ತಡೆದುಕೊಳ್ಳುವವರಿದ್ದಾರೆ. ಉರಿಮೂತ್ರ ಪದೇ ಪದೇ ಬರುವುದರಲ್ಲಿ ಇದಕ್ಕೂ ಪಾಲಿದೆ. ಇನ್ನು ನಮ್ಮ ತಾಯಂದಿರು: ಕೆಮ್ಮಿದರೆ, ಸೀನಿದರೆ, ಹುಲ್ಲಿನ ಹೊರೆ ಎತ್ತಿದರೆ ಎರಡು ಹನಿ ಸೋರುವುದನ್ನು ಹೆರಿಗೆಯಾದವರಿಗೆಲ್ಲ ಇದ್ದದ್ದೇ ಎಂದು ನುಂಗಿಕೊಂಡವರು. ಗಂಡಸು ವೈದ್ಯರ ಮುಂದೆ ಕುಳಿತು ಹೇಳಲಾರದ್ದನ್ನು ಮಹಿಳಾ ವೈದ್ಯರೊಡನೆ ಮುಚ್ಚಿದ ಕೋಣೆಯಿಂದ ಫೋನಿನಲ್ಲಿ ಹೇಳುವುದು ಎಷ್ಟೋ ಸುಲಭ. ಈ ಸೋರಿಕೆಗೆ ಮೊದಲ ಚಿಕಿತ್ಸೆ ಕಿಬ್ಬೊಟ್ಟೆಯ ತಳದ ಸ್ನಾಯುಗಳನ್ನು ಬಿಗಿಹಿಡಿದು ಬಿಡುವ ವ್ಯಾಯಾಮ. ಮೂರು ತಿಂಗಳು ಬಿಡದೆ ಮಾಡಬೇಕು. ಕಲಿಸುವುದೂ ವಿಚಾರಿಸುವುದೂ ಫೋನಿನಲ್ಲೇ ಸಾಧ್ಯ. ಇದಕ್ಕಾಗಿ ಬಸ್ಸು ಹತ್ತಿ ದಿನವಿಡೀ ಕಳೆಯಬೇಕಾಗಿಲ್ಲ. ಉರಿಯೂ ಜ್ವರವೂ ಸೇರಿದರೆ, ಗರ್ಭಿಣಿಯಾಗಿದ್ದರೆ, ಆ ಮಾತು ಬೇರೆ.

ಅಜ್ಜನ ಕಡೆಗೆ ಬರೋಣ. ನಳಿಗೆ ಹಾಕಿದ ಮೇಲೆ ಕೆಲವು ವಾರ ಮೂತ್ರಪಿಂಡಗಳು ಚೇತರಿಸಿಕೊಳ್ಳಲು ಬಿಟ್ಟು, ಆಮೇಲೆ ಮೂತ್ರದ ದಾರಿಯಿಂದಲೇ ಪ್ರಾಸ್ಟೇಟನ್ನು ಕೊರೆದು ತೆಗೆಯುವ ಶಸ್ತ್ರಚಿಕಿತ್ಸೆ ಮಾಡಿದರು. ಆ ನಡುವಿನ ವಾರಗಳಲ್ಲಿ ಫೋನು ಉಪಕಾರಕ್ಕೆ ಬಂತು. ಚೀಲದಲ್ಲಿ ಮೂತ್ರದ ಬಣ್ಣ ಕೆಂಪಾಗಿ ಕಂಡ ಒಂದು ರಾತ್ರಿ ಮನೆಯವರು ಗಾಬರಿಬಿದ್ದು ಜೀಪು ಗೊತ್ತುಮಾಡಲು ಹೊರಟಿದ್ದರು. ವೈದ್ಯರು ವೀಡಿಯೊದಲ್ಲಿ ಚೀಲವನ್ನು ನೋಡಿ, ಹರಿಯುತ್ತಿದೆಯೇ, ಗಡ್ಡೆಗಳಿವೆಯೇ, ಜ್ವರವಿದೆಯೇ ಎಂದು ಕೇಳಿ, ನೀರು ಕುಡಿಸಿ ಎರಡು ಗಂಟೆ ಕಾಯಲು ಹೇಳಿದರು. ಹರಿಯುವುದು ನಿಂತರೆ ಮಾತ್ರ ಹೊರಡಿ ಎಂದರು. ಬೆಳಗ್ಗೆ ತಿಳಿಯಾಯಿತು.

ಏಳು ಪ್ರಶ್ನೆಗಳಲ್ಲಿ 26 ಇದ್ದ ಅಂಕ ಈಗ 5. ಚಾಪೆ ತೊಳೆಯುವ ಕೆಲಸ ಅಜ್ಜಿಗೆ ತಪ್ಪಿದೆ. ಕ್ರಿಯಾಟಿನಿನ್ ಇಳಿದಿದ್ದರೂ ಪೂರ್ತಿ ಇಳಿದಿಲ್ಲ. ಮೂರು ತಿಂಗಳು ಮೊದಲೇ ಹೇಳಿದ್ದರೆ ಅಷ್ಟೂ ಉಳಿಯುತ್ತಿತ್ತೋ ಏನೋ, ವೈದ್ಯರು ಆ ಮಾತನ್ನು ಆಡಲಿಲ್ಲ, ನಾವೂ ಕೇಳಲಿಲ್ಲ. ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಇಲ್ಲೇ ಪೇಟೆಯಲ್ಲಿ ಮಾಡಿಸಿ, ಮೊಮ್ಮಗ ವರದಿಯನ್ನು ಕಳುಹಿಸುತ್ತಾನೆ. ಮರುದಿನ ಮಂಗಳೂರಿನಿಂದ ಕರೆ ಬರುತ್ತದೆ. ಆಗ ಅಜ್ಜ ನಮ್ಮನ್ನೂ ಸೇರಿಸಿ ಎಲ್ಲರನ್ನೂ ಹೊರಗೆ ಕಳುಹಿಸಿ, ತಾವೇ ಬಾಗಿಲು ಹಾಕಿಕೊಳ್ಳುತ್ತಾರೆ.